ಬಾಡಿಗೆ ಮನೆ ಮತ್ತು ಒಪ್ಪಿಗೆಯ ಮಾತು

"ಮನೆ ನನ್ನದು, ಬಾಡಿಗೆ ನಾನು ಹೇಳಿದ್ದು, ಅವನು ಒಪ್ಪಿದ್ದಾನೆ. ಇದರಲ್ಲಿ ತಪ್ಪೇನು?" ಮನೆಗಳನ್ನು ಬಾಡಿಗೆಗೆ ಕೊಡುವ ನಮ್ಮ ಸಹೋದರರು ಹೀಗೆ ಕೇಳುವುದನ್ನು ನೀವೂ ಕೇಳಿರಬಹುದು. ಪರಸ್ಪರ ಸಮ್ಮತಿಯ ವ್ಯವಹಾರವನ್ನು ಪವಿತ್ರ ಕುರ್‌ಆನ್ (4:29) ಅನುಮತಿಸಿದೆ ಎಂಬುದು ಅವರ ಆಧಾರ. ಆಧಾರವೇನೋ ಸರಿಯಾದದ್ದೇ. ಆದರೆ ಸಮ್ಮತಿ ಎಂದರೇನು?

ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ನನ್ನ ನೌಕರಿ ಬದಲಾದಾಗ ಹಳೆಯ ಮನೆ ಖಾಲಿ ಮಾಡಿಯಾಗಿತ್ತು. ದಲ್ಲಾಳಿ ತೋರಿಸಿದ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು. ಹೊರಗೆ ಸಾಮಾನು ತುಂಬಿದ ಟೆಂಪೊ, ಅದರ ಮುಂದಿನ ಸೀಟಿನಲ್ಲಿ ವಯಸ್ಸಾದ ತಾಯಿ. 'ಆಗಲಿ' ಎಂದೆ. ದಲ್ಲಾಳಿ ನನ್ನಿಂದ ಒಂದು ತಿಂಗಳ ಬಾಡಿಗೆ ಪಡೆದ. ಮಾಲೀಕರಿಂದಲೂ ಅಷ್ಟೇ ಪಡೆದದ್ದು ನನಗೆ ಆಮೇಲೆ ತಿಳಿಯಿತು. ಮನೆ ಬಿಡುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಎರಡು ತಿಂಗಳ ಹಣ ಕಡಿತವಾಯಿತು. ಇದೆಲ್ಲಕ್ಕೂ ನನ್ನ ಒಪ್ಪಿಗೆ ಇತ್ತು!

ಮದೀನಾದಲ್ಲಿ ಬೆಲೆಗಳು ಏರಿದಾಗ ಅವನ್ನು ನಿಗದಿಪಡಿಸಲು ಪ್ರವಾದಿವರ್ಯರು(ಸ) ನಿರಾಕರಿಸಿದ್ದರು. ಬಾಡಿಗೆಯ ವಿಷಯದಲ್ಲಿ ಸರಕಾರ ಕೈಹಾಕಬಾರದು ಎನ್ನುವವರು ಈ ಹದೀಸನ್ನೇ ಮುಂದಿಡುತ್ತಾರೆ. ಕ್ರಿ.ಶ. 1328ರಲ್ಲಿ ನಿಧನರಾದ ಇಮಾಮ್ ಇಬ್ನು ತೈಮಿಯ್ಯ(ರ) ಇದನ್ನು ಬಿಡಿಸಿ ಹೇಳಿದ್ದಾರೆ. ವರ್ತಕರ ಅನ್ಯಾಯವಿಲ್ಲದೆ, ಸರಕು ಕಡಿಮೆಯಾಗಿ ಅಥವಾ ಜನ ಹೆಚ್ಚಾಗಿ ಬೆಲೆ ಏರಿದರೆ ಅಲ್ಲಿ ಬಲವಂತ ಸಲ್ಲದು. ಜನರ ಅನಿವಾರ್ಯತೆಯನ್ನು ಹಿಡಿದುಕೊಂಡು ಕಸಿಯುವಾಗ ಆಡಳಿತ ಸುಮ್ಮನಿರುವುದು ಸಲ್ಲದು. 1997ರಲ್ಲಿ ಹಾವೇರಿ ಜಿಲ್ಲೆಯಾಗಿ ಕಚೇರಿಗಳು ಬಂದವು, ನೌಕರರು ಬಂದರು, ಮನೆಗಳಿಗೆ ಬೇಡಿಕೆ ಬಂತು. ಅದು ಯಾರ ಪಾಪವೂ ಅಲ್ಲ. ಆದರೆ ಬೇರೆಲ್ಲೂ ನೆಲೆ ಸಿಗದವನ ವಿಷಯ ಬೇರೆ. ಅಂಥವನಿಗೆ ಮನೆಯೊಡೆಯನು ಜಾಗ ಕೊಡಲೇಬೇಕು, ಬಾಡಿಗೆ ಪಡೆಯಬಹುದೇ ಎಂಬುದರಲ್ಲಷ್ಟೇ ಭಿನ್ನಾಭಿಪ್ರಾಯ ಎಂದು ಅವರ ಶಿಷ್ಯ ಇಬ್ನುಲ್ ಖಯ್ಯಿಮ್(ರ) ಬರೆಯುತ್ತಾರೆ. ಪಡೆಯಬಹುದು ಎಂದವರೂ ಅಂಥ ಮನೆಗೆ ವಾಡಿಕೆಯಲ್ಲಿ ಸಲ್ಲುವಷ್ಟನ್ನೇ ಒಪ್ಪಿದ್ದಾರೆ.

ಬೇರೆಲ್ಲೂ ಸಿಗದವನು ಯಾರು? ನಮ್ಮ ಹೆಸರು ಕೇಳಿದೊಡನೆ 'ಮನೆ ಖಾಲಿಯಿಲ್ಲ' ಎನ್ನುವವರಿದ್ದಾರೆ. ಅದು ನಮಗೆ ನೋವು ತರುತ್ತದೆ, ತರಬೇಕಾದದ್ದೇ. ಆದರೆ ಹಾಗೆ ತಿರುಗಿ ಬಂದವನು ಕೊನೆಗೆ ನಮ್ಮ ಮೊಹಲ್ಲಾಕ್ಕೇ ಬರಬೇಕು ಎಂಬುದನ್ನು ಅರಿತು ಸಾವಿರ ರೂಪಾಯಿ ಹೆಚ್ಚು ಹೇಳುವವನು ಯಾರು? ಅವನು ನಮ್ಮೊಂದಿಗೆ ಅದೇ ಸಫ್‌ನಲ್ಲಿ ನಿಂತು ನಮಾಝ್ ಮಾಡುವವನೇ ಅಲ್ಲವೇ?

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಗೆ ಲೈಸೆನ್ಸ್ ಬೇಕು. ರೈತನ ಹಣದಲ್ಲಿ ದಲಾಲಿ ಮುರಿಯುವಂತಿಲ್ಲ. ಇದು ಧರ್ಮದಲ್ಲಿ ಹಸ್ತಕ್ಷೇಪ ಎಂದು ನಮ್ಮ ವರ್ತಕರಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಮೆಣಸಿನಕಾಯಿಗಿರುವ ರಕ್ಷಣೆ ಮನುಷ್ಯನ ಸೂರಿಗೆ ಬೇಡವೇ? ಮನೆ ದಲ್ಲಾಳಿಗಳ ನೋಂದಣಿಯ ನಿಯಮ 1999ರ ಕರ್ನಾಟಕ ಬಾಡಿಗೆ ಕಾಯಿದೆಯಲ್ಲಿದೆ. ನೋಂದಣಿ ಪತ್ರ ತೋರಿಸಿದ ದಲ್ಲಾಳಿಯನ್ನು ನಾನಂತೂ ಕಂಡಿಲ್ಲ. ಕೇಂದ್ರ ಸರಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚಿನ ಠೇವಣಿ ಬೇಡ ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ಆಯಾ ರಾಜ್ಯ ಕಾನೂನು ಮಾಡಿದರಷ್ಟೇ ಜಾರಿ. ಹನ್ನೊಂದು ತಿಂಗಳ ಕರಾರುಪತ್ರದ ಗುಟ್ಟು ನಿಮಗೆ ಗೊತ್ತೇ ಇದೆ: ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ.

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲದ ಒಂದು ವಿಷಯವಿದೆ. ಬಾಡಿಗೆದಾರನ ಅಡ್ವಾನ್ಸ್ ಮಾಲೀಕನ ಸಂಪತ್ತಲ್ಲ. ಅದನ್ನು ಖರ್ಚು ಮಾಡಿದ್ದರೆ ಅದು ಅವನ ಮೇಲಿನ ಸಾಲ. ಸಾಲ ತೀರದೆ ವಾರಸುದಾರರಿಗೆ ಪಾಲು ಹಂಚುವಂತಿಲ್ಲ. ಸಾಲವನ್ನು ಬರೆದಿಡಬೇಕೆಂಬ ಆಜ್ಞೆ ಕುರ್‌ಆನಿನ ಅತಿ ದೀರ್ಘ ಸೂಕ್ತದಲ್ಲಿದೆ (2:282). ಮನೆ ಬಾಡಿಗೆಗೆ ಕೊಟ್ಟಿರುವ ಓದುಗರೇ, ನೀವು ಯಾರಿಂದ ಎಷ್ಟು ಅಡ್ವಾನ್ಸ್ ಪಡೆದಿದ್ದೀರಿ ಎಂಬುದನ್ನು ಬರೆದಿಟ್ಟ ಚೀಟಿ ಎಲ್ಲಿದೆಯೆಂದು ನಿಮ್ಮ ಮಕ್ಕಳಿಗೆ ಗೊತ್ತೇ?