ಮರೆಯಾದ ಪರಾಂಬರಿಕೆ, ತೆರೆದಿಟ್ಟ ಕರ್ತವ್ಯ

ಲೋಕವನ್ನು ಸೃಷ್ಟಿಸಿದ ದೇವರು ಅದನ್ನು ಅದರ ಪಾಡಿಗೆ ಬಿಟ್ಟು ದೂರ ಸರಿದಿಲ್ಲ, ಕ್ಷಣಕ್ಷಣವೂ ಅದನ್ನು ಪೊರೆಯುತ್ತ ತನ್ನ ಸಂಕಲ್ಪದತ್ತ ನಡೆಸುತ್ತಿದ್ದಾನೆ ಎಂಬ ನಂಬಿಕೆಗೆ ಕ್ರೈಸ್ತ ದೇವಶಾಸ್ತ್ರದಲ್ಲಿ ದೈವಪರಿಪಾಲನೆ ಎಂದು ಹೆಸರು. ಕನ್ನಡ ಸಭೆಗಳ ಪ್ರಾರ್ಥನೆಯಲ್ಲಿ ಇದೇ ನಂಬಿಕೆ ದೇವರ ಪರಾಂಬರಿಕೆ ಎಂಬ ಮಾತಿನಲ್ಲಿ ಕೇಳಿಬರುತ್ತದೆ. ಹಳೆಯ ಪ್ರೊಟೆಸ್ಟಂಟ್ ಪಂಡಿತರು ಇದರಲ್ಲಿ ಮೂರು ಅಂಗಗಳನ್ನು ಗುರುತಿಸಿದ್ದರು: ಇರುವುದೆಲ್ಲವನ್ನೂ ಇರುವಂತೆ ಕಾಯುವ ಸಂರಕ್ಷಣೆ, ಮಳೆ ಬಿಸಿಲುಗಳ ಮೂಲಕವೂ ಮನುಷ್ಯರ ದುಡಿಮೆಯ ಮೂಲಕವೂ ದೇವರು ಕೆಲಸ ಮಾಡುವ ಸಹಕ್ರಿಯೆ, ಎಲ್ಲವನ್ನೂ ಒಂದು ಗುರಿಗೆ ಮುಟ್ಟಿಸುವ ಆಳ್ವಿಕೆ. ಈ ಸಿದ್ಧಾಂತವನ್ನು ಬಾಯಿಂದ ಒಪ್ಪುವುದು ಸುಲಭ. ಆದರೆ ಆ ಆಳ್ವಿಕೆ ಕಣ್ಣಿಗೆ ಕಾಣದಿರುವಾಗ ಅದನ್ನು ನಂಬಿ ಬಾಳುವುದು ಹೇಗೆ ಎಂಬುದು ವಿಶ್ವಾಸಿಯ ದಿನನಿತ್ಯದ ಪ್ರಶ್ನೆಯಾಗಿದ್ದು, ಇದಕ್ಕೆ ಉತ್ತರ ಹುಡುಕಲು ಹುಬ್ಬಳ್ಳಿ-ಧಾರವಾಡದ ಸಭೆಗಳ ಚರಿತ್ರೆಯೇ ಸಾಕಷ್ಟು ನೆರವಾಗುತ್ತದೆ.

1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಬಾಸೆಲ್ ಮಿಷನ್, 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲೂ 1839ರಲ್ಲಿ ಹುಬ್ಬಳ್ಳಿಯಲ್ಲೂ ನೆಲೆಯೂರಿತು. ಈ ಸೀಮೆಯಲ್ಲಿ ಆಗ ಕಾಲಜ್ಞಾನದ ವಚನಗಳನ್ನು ನಂಬಿ ಹೊಸ ಯುಗದ ಬರವಿಗಾಗಿ ಕಾಯುತ್ತಿದ್ದ ಜನರಿದ್ದರು. ಅವರಲ್ಲಿ ಕೆಲವರು ಮಿಷನರಿಗಳ ಮಾತಿಗೆ ಆಸಕ್ತಿಯಿಂದ ಕಿವಿಗೊಟ್ಟಾಗ, ದೇವರೇ ತಮ್ಮ ಮುಂದೆ ಬಾಗಿಲು ತೆರೆದಿದ್ದಾನೆಂದು ಹೆರ್ಮನ್ ಮೋಗ್ಲಿಂಗ್ ಮತ್ತು ಅವನ ಸಂಗಡಿಗರು ಬಗೆದರು. ಗದಗ-ಬೆಟಗೇರಿಯ ಬಳಿಯ ಮಲಸಮುದ್ರದಲ್ಲಿ 1841ರಲ್ಲಿ ಒಕ್ಕಲುತನವನ್ನು ಆಧರಿಸಿದ ಕ್ರೈಸ್ತ ನೆಲೆಯೊಂದನ್ನು ಕಟ್ಟಲು ಹೊರಟಿದ್ದು ಇದೇ ನಿರೀಕ್ಷೆಯಿಂದ. ಆದರೆ ಎಣಿಸಿದಂತೆ ಜನ ಬರಲಿಲ್ಲ, ಯೋಜನೆ ಕೈಗೂಡಲಿಲ್ಲ. ಅವರ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ಕಣ್ಣೆದುರಿನ ಅನುಕೂಲ ಸನ್ನಿವೇಶವೊಂದನ್ನು ದೇವರ ಸಂಕಲ್ಪದ ಸ್ಪಷ್ಟ ಬರಹವೆಂದು ಓದಿದ್ದರಲ್ಲಿ ಅವಸರವಿತ್ತು. ಇಂದಿಗೂ ನೌಕರಿ ಸಿಕ್ಕರೆ, ಮದುವೆಯ ಸಂಬಂಧ ಕೂಡಿಬಂದರೆ ಅದನ್ನು ದೇವರ ಚಿತ್ತದ ಗುರುತೆಂದು, ತಪ್ಪಿಹೋದರೆ ಆತನ ನಿರಾಕರಣೆಯೆಂದು ಕೂಡಲೇ ತೀರ್ಮಾನಿಸುವ ಮನಸ್ಸು ಇದೇ ಅವಸರಕ್ಕೆ ಒಳಗಾಗುತ್ತದೆ.

ಬೈಬಲ್ ಈ ವಿಷಯದಲ್ಲಿ ಬಹಳ ಸಂಯಮದಿಂದ ಮಾತಾಡುತ್ತದೆ. ರಹಸ್ಯವಾದವುಗಳು ದೇವರಿಗೆ ಸೇರಿದ್ದು, ಪ್ರಕಟವಾದ ಆಜ್ಞೆಗಳು ಮನುಷ್ಯರು ಕೈಕೊಂಡು ನಡೆಯುವುದಕ್ಕಾಗಿ ಇರುವಂಥವು ಎಂದು ಧರ್ಮೋಪದೇಶಕಾಂಡದ 29ನೇ ಅಧ್ಯಾಯ ಗೆರೆ ಎಳೆಯುತ್ತದೆ. ಒಂದು ಜನಾಂಗವೇ ನಾಶದಿಂದ ಪಾರಾದ ಕಥೆಯನ್ನು ಹೇಳುವ ಎಸ್ತೇರಳ ಗ್ರಂಥದ ಹೀಬ್ರೂ ಮೂಲದಲ್ಲಿ ದೇವರ ಹೆಸರು ಒಮ್ಮೆಯೂ ಬರುವುದಿಲ್ಲ. ಅಲ್ಲಿ ಕಾಣುವುದು ರಾಜನಿಗೆ ನಿದ್ದೆ ಬಾರದ ಒಂದು ರಾತ್ರಿ, ಹೆಣ್ಣೊಬ್ಬಳ ಧೈರ್ಯ, ಅವಳನ್ನು ಸಾಕಿದವನ ನಿಷ್ಠೆ ಮಾತ್ರ. ಅಣ್ಣಂದಿರು ಮಾಡಿದ ಕೇಡನ್ನು ದೇವರು ಒಳ್ಳೆಯದಕ್ಕೆ ತಿರುಗಿಸಿದನೆಂದು ಯೋಸೇಫನು ಹೇಳಿದ್ದು ಹಲವು ವರ್ಷಗಳ ತರುವಾಯ, ಐಗುಪ್ತದ ಅಧಿಕಾರಪೀಠದಲ್ಲಿ ಕುಳಿತು. ಬಾವಿಯ ತಳದಲ್ಲಿ ಬಿದ್ದಿದ್ದಾಗ ಅವನಿಗೆ ಅದನ್ನು ವಿವರಿಸಿದವರು ಯಾರೂ ಇರಲಿಲ್ಲ. ಅವನಿಗೆ ತಿಳಿದಿದ್ದು ಇಷ್ಟೇ: ಪೋಟೀಫರನ ಮನೆಯಲ್ಲಿದ್ದರೂ ಸೆರೆಮನೆಯಲ್ಲಿದ್ದರೂ ಆ ದಿನದ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಬೇಕು.

ಸಹಕ್ರಿಯೆ ಎಂಬ ಅಂಗದ ಅರ್ಥ ಕಠಿಣ ಪರೀಕ್ಷೆಗೆ ಒಳಗಾಗಿದ್ದು 1876ರಿಂದ 1878ರವರೆಗಿನ ಮಹಾ ಬರಗಾಲದಲ್ಲಿ. ಧಾರವಾಡ ಮತ್ತು ಕಲಾದಗಿ ಜಿಲ್ಲೆಗಳು ಆಗ ತೀವ್ರವಾಗಿ ನರಳಿದವು. ಮಳೆ ತಪ್ಪಿದ್ದು ನಿಜ. ಆದರೆ ಜನ ಹಸಿವಿನಿಂದ ಸಾಯುತ್ತಿದ್ದಾಗಲೂ ಭಾರತದಿಂದ ಧಾನ್ಯ ಹೊರದೇಶಕ್ಕೆ ಸಾಗುತ್ತಿದ್ದುದು, ಪರಿಹಾರ ಕಾಮಗಾರಿಗಳ ಕೂಲಿಯನ್ನು 1877ರಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಕಡಿತಗೊಳಿಸಿದ್ದು ಮನುಷ್ಯರ ನಿರ್ಣಯಗಳೇ ಹೊರತು ಆಕಾಶದಿಂದ ಬಂದವಲ್ಲ. ಇವನ್ನೂ ದೇವರ ಚಿತ್ತವೆಂದು ಕರೆದು ಸುಮ್ಮನಾಗುವುದು ಭಕ್ತಿಯಲ್ಲ, ಅನ್ಯಾಯಕ್ಕೆ ಹೊದಿಸಿದ ಹೊದಿಕೆ. ಹಾಗೆಯೇ ಮಿಷನ್ನಿನ ಅನಾಥಾಲಯಗಳಲ್ಲಿ ತಂದೆತಾಯಿಗಳಿಲ್ಲದ ಮಕ್ಕಳಿಗೆ ಅನ್ನವಿಕ್ಕಿದವರು, ಬರ ಕಳೆದ ಮೇಲೆ ಧಾನ್ಯ ಬೇಗ ತಲುಪಲೆಂದು ಈ ಬಯಲುನಾಡಿಗೆ ಸದರ್ನ್ ಮರಾಠಾ ರೈಲ್ವೆಯ ಹಳಿ ಹಾಕಿದ ಸಾವಿರಾರು ಕೂಲಿಗಳು, ಅರಿತೋ ಅರಿಯದೆಯೋ ಆ ಪರಿಪಾಲನೆಯ ಸಾಧನಗಳಾದರೆಂದು ವಿಶ್ವಾಸಿಯು ಹೇಳಬಲ್ಲನು. ದಿನದ ರೊಟ್ಟಿಗಾಗಿ ಪ್ರಾರ್ಥಿಸುವವನು ಹಸಿದವನ ತಟ್ಟೆಗೆ ರೊಟ್ಟಿ ಹಾಕುವ ಹೊಣೆಯನ್ನೂ ಅದೇ ಪ್ರಾರ್ಥನೆಯಲ್ಲಿ ಹೊರುತ್ತಾನೆ.

ಇದರಿಂದ ದೈವಪರಿಪಾಲನೆ ಹಣೆಬರಹಕ್ಕಿಂತ ಹೇಗೆ ಬೇರೆ ಎಂಬುದೂ ತಿಳಿಯುತ್ತದೆ. ಹಣೆಬರಹ ಮೊರೆಯನ್ನು ಕೇಳುವುದಿಲ್ಲ. ಕ್ರೈಸ್ತನು ನಂಬುವುದು ಮೊರೆ ಕೇಳುವ ತಂದೆಯನ್ನು, ಮತ್ತು ಶಿಲುಬೆಯ ಮೇಲೆ ತಾನೂ ಕೈಬಿಡಲ್ಪಟ್ಟವನಂತೆ ಕೂಗಿದ ಮಗನನ್ನು. ಸಿಲೋವದ ಗೋಪುರ ಬಿದ್ದು 18 ಮಂದಿ ಸತ್ತಾಗ ಅವರೇನೂ ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲವೆಂದು ಯೇಸು ಖಂಡಿತವಾಗಿ ಹೇಳಿದನು. ಆದುದರಿಂದ ಕ್ಯಾನ್ಸರ್ ಬಂದವರ ಹಾಸಿಗೆಯ ಬಳಿ ನಿಂತು ಯಾವ ಪಾಪಕ್ಕೆ ಈ ಶಿಕ್ಷೆಯೆಂದು ಲೆಕ್ಕ ಹಾಕುವವರಿಗೆ ಸುವಾರ್ತೆಯಲ್ಲಿ ಆಧಾರವಿಲ್ಲ. ಅಲ್ಲಿ ಮಾಡತಕ್ಕದ್ದು ಕೈ ಹಿಡಿಯುವುದು, ಔಷಧಿ ತರುವುದು, ಅಳುವವರೊಂದಿಗೆ ಅಳುವುದು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರವು ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಬಳಿಕ ದೇಶದಿಂದ ಕಳುಹಿಸಿದಾಗ, ಈ ಸಭೆಗಳ ಭಾರ ಇಲ್ಲಿನ ಪಾಲಕರು, ಉಪದೇಶಿಗಳು ಮತ್ತು ಶಾಲಾ ಶಿಕ್ಷಕರ ಹೆಗಲಿಗೆ ಹೆಚ್ಚಾಗಿ ಬಿತ್ತು. ಮುಂದೆ ಅವು 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯೊಂದಿಗೆ ಕೂಡಿಕೊಂಡವು, ಧಾರವಾಡವು ಕರ್ನಾಟಕ ಉತ್ತರ ಸಭಾಪ್ರಾಂತದ ಕೇಂದ್ರವಾಯಿತು. ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಯುದ್ಧವು ಇದಕ್ಕಾಗಿಯೇ ನಡೆಯಿತೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆ ಕೇಡಿನ ನಡುವೆಯೂ ದೇವರು ತನ್ನ ಜನರನ್ನು ಕೈಬಿಡಲಿಲ್ಲವೆಂದು ಕೃತಜ್ಞತೆ ಸಲ್ಲಿಸುವ ಹಕ್ಕು ಸಭೆಗೆ ಉಂಟು.

ಹೀಗೆ, ಕಾಣದ ಪರಾಂಬರಿಕೆಯಲ್ಲಿ ಭರವಸೆ ಇಡುವುದೆಂದರೆ ಭವಿಷ್ಯವನ್ನು ಮುಂಚಿತವಾಗಿ ತಿಳಿಯುವ ಆಸೆಯನ್ನು ಬಿಡುವುದು, ಆದರೆ ತಿಳಿದಿರುವ ಕರ್ತವ್ಯವನ್ನು ಬಿಡದಿರುವುದು. ಮುಂಗಾರು ತಡವಾದರೂ ಹೊಲ ಹದಮಾಡುವ ರೈತನೂ, ಫಲಿತಾಂಶದ ಭಯವಿದ್ದರೂ ಓದು ನಿಲ್ಲಿಸದ ವಿದ್ಯಾರ್ಥಿಯೂ, ಸಂಬಳ ಸಾಲದ ತಿಂಗಳಲ್ಲೂ ನೆರೆಮನೆಯ ಹಸಿವನ್ನು ಮರೆಯದ ಗೃಹಿಣಿಯೂ ನಾಳೆಯನ್ನು ದೇವರಿಗೆ ಒಪ್ಪಿಸಿ ಇಂದಿನ ಹೊಣೆಯನ್ನು ತಾವು ವಹಿಸಿಕೊಳ್ಳುತ್ತಾರೆ. ಚಿಂತೆಯನ್ನು ಬಿಡಬೇಕೆಂದು ಯೇಸು ಬೆಟ್ಟದ ಪ್ರಸಂಗದಲ್ಲಿ ಆಜ್ಞಾಪಿಸಿದ್ದು ಇಂಥ ಬಾಳನ್ನು ಬಾಳಲಿಕ್ಕೆ.