ಹೆಸರು ಬದಲಾದರೆ ಋಣ ತೀರುವುದೇ?



ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಹೋಗುವವನಿಗೆ ಇಂದು ದಾರಿಯಲ್ಲಿ ಎಲ್ಲಿಯೂ ಗಡಿ ಕಾಣಿಸುವುದಿಲ್ಲ. ಆದರೆ 1956ರ ನವೆಂಬರ್ 1ರ ತನಕ ಇವೆರಡೂ ಬೇರೆ ಬೇರೆ ರಾಜ್ಯಗಳಲ್ಲಿದ್ದವು. ಯಳಂದೂರು ಮೈಸೂರಿಗೆ ಸೇರಿತ್ತು. ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಂದು ಒಂದಾದದ್ದು ನೆಲ ಮಾತ್ರವಲ್ಲ. ಎರಡು ಸರಕಾರಗಳ ಗುಮಾಸ್ತರೂ ಶಿಕ್ಷಕರೂ ಒಂದೇ ಪಟ್ಟಿಗೆ ಬಂದರು. ಇವರಲ್ಲಿ ಯಾರು ಹಿರಿಯರು? ಯಾರ ಹುದ್ದೆ ಯಾರಿಗೆ ಸಮ? ರಾಜ್ಯ ಪುನರ್ವಿಂಗಡಣಾ ಕಾಯ್ದೆಯು ಇದಕ್ಕೊಂದು ಬೇಲಿ ಹಾಕಿತು: ಕೇಂದ್ರದ ಪೂರ್ವಾನುಮತಿಯಿಲ್ಲದೆ ನೌಕರನಿಗೆ ನಷ್ಟವಾಗುವಂತೆ ಅವನ ಸೇವಾ ಷರತ್ತುಗಳನ್ನು ಬದಲಿಸಕೂಡದು. ಹೀಗಿದ್ದೂ ಜ್ಯೇಷ್ಠತೆಯ ವ್ಯಾಜ್ಯಗಳು ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ನಡೆದವು.

ಅದೇ ಪ್ರಶ್ನೆ ನಮ್ಮ ಕಾಲದಲ್ಲಿ ವಿಮಾನ ಕಂಪೆನಿಗಳಲ್ಲಿ ಎದ್ದಿತು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಏರ್ ಡೆಕ್ಕನ್, ಕಡಿಮೆ ದರದಿಂದ ಸಾಮಾನ್ಯ ಜನರನ್ನೂ ವಿಮಾನ ಹತ್ತಿಸಿತು. 2008ರಲ್ಲಿ ಅದು ಕಿಂಗ್‌ಫಿಷರ್‌ನೊಂದಿಗೆ ವಿಲೀನವಾಯಿತು. ಡೆಕ್ಕನ್ ಎಂಬ ಹೆಸರು ವಿಮಾನಗಳಿಂದ ಅಳಿಯಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಾಗ ನೌಕರರಿಗೆ ಹಲವು ತಿಂಗಳ ಸಂಬಳ ಬಾಕಿಯಿತ್ತು. 2007ರಲ್ಲಿ ಒಂದಾದ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್‌ಗಳಲ್ಲಿಯೂ ನೆಮ್ಮದಿಯಿರಲಿಲ್ಲ. 2011ರಲ್ಲಿ ಒಂದು ಕಡೆಯ ಪೈಲಟ್‌ಗಳು ಸಮಾನ ವೇತನಕ್ಕಾಗಿ ಮುಷ್ಕರ ಹೂಡಿದರು. 2012ರಲ್ಲಿ ಇನ್ನೊಂದು ಕಡೆಯವರು, ತಮ್ಮ ಬಡ್ತಿಯ ದಾರಿ ಮುಚ್ಚೀತೆಂಬ ಭಯದಿಂದ, ಹೊಸ ವಿಮಾನದ ತರಬೇತಿಯ ವಿಚಾರದಲ್ಲಿ ಮುಷ್ಕರಕ್ಕಿಳಿದರು.

ಹಾಗಾದರೆ ಕೊಟ್ಟ ಮಾತು ಯಾರದು? ಕಂಪೆನಿಯ ಹೆಸರಿನದೇ, ಅದನ್ನು ನಡೆಸುವ ಮನುಷ್ಯರದೇ?

ಅಲ್-ಮಾಇದ ಅಧ್ಯಾಯವು ಕರಾರುಗಳನ್ನು ಪೂರೈಸಬೇಕೆಂಬ ಆದೇಶದಿಂದಲೇ ಆರಂಭವಾಗುತ್ತದೆ. ವಾರೀಸು ಹಕ್ಕಿನ ನಿಯಮವನ್ನೂ ನೋಡಿರಿ. ಮೃತನ ಸಾಲ ತೀರಿಸಿದ ಮೇಲಷ್ಟೇ ಆಸ್ತಿಯ ಹಂಚಿಕೆ. ಇನ್ನೊಂದು ಕಂಪೆನಿಯನ್ನು ತನ್ನೊಳಗೆ ಸೇರಿಸಿಕೊಳ್ಳುವವನೂ ಒಂದು ಬಗೆಯ ವಾರೀಸುದಾರನೇ. ವಿಮಾನಗಳೂ ಮಾರ್ಗಗಳೂ ಅವನಿಗೆ ಬರುತ್ತವೆ. ಅವುಗಳ ಜೊತೆಗೆ ದುಡಿದವರ ಋಣವೂ ಬರುತ್ತದೆ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಬೋಧಿಸಿದ ಪ್ರವಾದಿವರ್ಯರ(ಸ) ಅನುಯಾಯಿಗೆ ಇದರಲ್ಲಿ ಸಂದೇಹವಿರಲಾರದು.

ಇಂತಹ ಸಮಯದಲ್ಲಿ ‘ಎಲ್ಲರೂ ಸ್ವಲ್ಪ ತ್ಯಾಗ ಮಾಡಬೇಕು’ ಎಂಬ ಉಪದೇಶ ಕೇಳಿಬರುತ್ತದೆ. ತ್ಯಾಗದ ಅರ್ಥವನ್ನು ಮದೀನದಿಂದ ಕಲಿಯೋಣ. ಅಲ್ಲಿ ಮುಹಾಜಿರರೂ ಅನ್ಸಾರರೂ ಸಹೋದರರಾದಾಗ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಮುಂದಿಟ್ಟರು. ಅವರು ಅದನ್ನು ಸ್ವೀಕರಿಸದೆ, ಸಹೋದರನಿಗೆ ಒಳಿತನ್ನು ಬಯಸಿ, ಮಾರುಕಟ್ಟೆಯ ದಾರಿ ಕೇಳಿದರು. ಸಅದ್(ರ) ಕೊಡಲು ಮುಂದಾದದ್ದು ತಮ್ಮದನ್ನು, ಪರರದ್ದನ್ನಲ್ಲ. ಇನ್ನೊಬ್ಬನ ಸಂಬಳವನ್ನು ಹಿಡಿದಿಟ್ಟುಕೊಂಡು ಅದಕ್ಕೆ ತ್ಯಾಗವೆಂದು ಹೆಸರಿಡುವುದು ಅನ್ಯಾಯವಲ್ಲದೆ ಬೇರೇನು?

ನೌಕರರಿಗೂ ಇದರಲ್ಲಿ ಪರೀಕ್ಷೆಯಿದೆ. ಸೇವೆಯ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳುವುದು ನ್ಯಾಯ. ಆದರೆ ಪಕ್ಕದ ಕುರ್ಚಿಗೆ ಬಂದವನ ವರ್ಷಗಳನ್ನು ಸೊನ್ನೆ ಎಂದೆಣಿಸುವುದು ನ್ಯಾಯವಲ್ಲ. ವಿಲೀನವನ್ನು ನಿರ್ಧರಿಸಿದವನು ಅವನಲ್ಲ. ಅವನ ಮನೆಯಲ್ಲಿಯೂ ತಿಂಗಳ ಮೊದಲ ದಿನಕ್ಕೆ ಕಾಯುವವರಿದ್ದಾರೆ.

ಓದುಗರೇ, ನಮಗೂ ವಿಮಾನ ಕಂಪೆನಿಗೂ ಏನು ಸಂಬಂಧ ಎನ್ನಬೇಡಿ. ಕೊಳ್ಳೇಗಾಲದಲ್ಲಿ ಇಬ್ಬರು ಸಹೋದರರು ತಮ್ಮ ರೇಷ್ಮೆ ಅಂಗಡಿಗಳನ್ನು ಒಂದುಗೂಡಿಸಿ ಹೊಸ ಬೋರ್ಡು ಹಾಕುತ್ತಾರೆಂದು ಭಾವಿಸಿರಿ. ಹಳೆಯ ಲೆಕ್ಕದ ಪುಸ್ತಕದಲ್ಲಿ ನೇಕಾರನೊಬ್ಬನ ಕೂಲಿ ಬಾಕಿಯಿದೆ. ಆ ಪುಸ್ತಕವನ್ನು ಕಟ್ಟಿ ಅಟ್ಟಕ್ಕೆ ಹಾಕಬಹುದು. ಆದರೆ ಅಲ್ಲಾಹನ ಬಳಿ ಇರುವ ಲೆಕ್ಕದಲ್ಲಿ ಅಂಗಡಿಯ ಹೆಸರಿಲ್ಲ, ನಮ್ಮ ನಮ್ಮ ಹೆಸರುಗಳಿವೆ. ಹೊಸ ಬೋರ್ಡು ಬರೆಸುವ ಮುನ್ನ ನೇಕಾರನನ್ನು ಕರೆಸಿ ಲೆಕ್ಕ ಚುಕ್ತಾ ಮಾಡುವುದೇ ಸತ್ಯವಿಶ್ವಾಸಿಗೆ ಒಪ್ಪುವ ನಡತೆ.