ಮಕ್ಕಳನ್ನು ತಡೆದ ಶಿಷ್ಯರು



ಕೆಲವು ವರ್ಷಗಳ ಹಿಂದೆ, ಭಾನುವಾರದ ಬಲಿಪೂಜೆ ಮುಗಿದ ಮೇಲೆ, ತೋಟದಲ್ಲಿ ಕೂಲಿ ಮಾಡುವ ತಾಯಿಯೊಬ್ಬಳು ನನ್ನ ಬಳಿಗೆ ಬಂದಳು. ಆಕೆಯ ಆರು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್. ನಗರದ ಆಸ್ಪತ್ರೆಯಲ್ಲಿ ಚಿಕಿತ್ಸೆ ಆರಂಭವಾಗಿತ್ತು. ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು, "ಫಾದರ್, ಮಗೂನ ಯಾವುದೋ ಪ್ರಯೋಗಕ್ಕೆ ಸೇರಿಸ್ಕೊಳ್ತಾರಂತೆ. ಸಹಿ ಹಾಕ್ಲಾ, ಬೇಡ್ವಾ? ದುಡ್ಡಿದ್ದೋರ ಮಕ್ಕಳಾಗಿದ್ರೆ ಹೀಗೆ ಕೇಳ್ತಿದ್ರಾ?" ಎಂದಳು. ನಾನು ಆ ಕಾಗದವನ್ನು ಪೂರ್ತಿ ಓದಲೂ ಇಲ್ಲ. "ಬೇಡಮ್ಮಾ, ನಿಮ್ಮ ಮಗು ಪ್ರಯೋಗದ ಇಲಿಯಲ್ಲ" ಎಂದುಬಿಟ್ಟೆ. ಆಕೆ ನನ್ನ ಮಾತನ್ನು ನಂಬಿ ಹೋದಳು. ದೇವರ ದಯೆಯಿಂದ ಆ ಮಗು ಸಾಮಾನ್ಯ ಚಿಕಿತ್ಸೆಯಿಂದಲೇ ಗುಣಹೊಂದಿ ಇಂದು ಶಾಲೆಗೆ ಹೋಗುತ್ತಿದೆ. ಆದರೂ ಅಂದು ಉತ್ತರ ಕೊಟ್ಟದ್ದು ನನ್ನ ತಿಳಿವಳಿಕೆಯಲ್ಲ, ನನ್ನ ಭಯ.

ಸಂತ ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯವನ್ನು ಓದುವಾಗಲೆಲ್ಲ ಈ ಘಟನೆ ನನ್ನನ್ನು ಚುಚ್ಚುತ್ತದೆ. ಜನರು ಮಕ್ಕಳನ್ನು ಯೇಸುಸ್ವಾಮಿಯ ಬಳಿಗೆ ಕರೆತಂದಾಗ ಶಿಷ್ಯರು ಗದರಿಸಿ ತಡೆದರು. ಅವರ ಉದ್ದೇಶ ಕೆಟ್ಟದ್ದಾಗಿರಲಾರದು. ಗುರುವಿಗೆ ತೊಂದರೆಯಾಗದಿರಲಿ ಎಂದುಕೊಂಡಿರಬೇಕು. ಆದರೆ ಯೇಸು ಸಿಟ್ಟಾದರು. ಒಳ್ಳೆಯ ಮನಸ್ಸಿನಿಂದಲೂ ಮಕ್ಕಳ ದಾರಿಗೆ ಅಡ್ಡ ನಿಲ್ಲಬಹುದೆಂಬುದಕ್ಕೆ ಇದೇ ಸಾಕ್ಷಿ.

ಆ ಮಗುವನ್ನು ಉಳಿಸಿದ 'ಸಾಮಾನ್ಯ ಚಿಕಿತ್ಸೆ' ಎಲ್ಲಿಂದ ಬಂತು? 1947ಕ್ಕೆ ಮೊದಲು ರಕ್ತದ ಕ್ಯಾನ್ಸರ್ ತಗುಲಿದ ಮಕ್ಕಳು ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ತೀರಿಕೊಳ್ಳುತ್ತಿದ್ದರು. ಆ ವರ್ಷದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಸಿಡ್ನಿ ಫಾರ್ಬರ್ ಎಂಬುವರು ಹೊಸ ಔಷಧವೊಂದನ್ನು ಕೆಲವು ಮಕ್ಕಳಿಗೆ ಕೊಟ್ಟು ನೋಡಿದರು. ಆ ಮಕ್ಕಳಲ್ಲಿ ಕೆಲವರು ಸ್ವಲ್ಪ ಕಾಲ ಚೇತರಿಸಿಕೊಂಡರು. ರೋಗ ಮರಳಿ ಬಂತು. ಆದರೆ ದಾರಿ ತೆರೆಯಿತು. ಮುಂದಿನ ದಶಕಗಳಲ್ಲಿ ಒಂದು ಪ್ರಯೋಗದ ಮೇಲೆ ಇನ್ನೊಂದು ನಡೆದು, ಮಕ್ಕಳಲ್ಲಿ ಅತಿ ಸಾಮಾನ್ಯವಾದ ರಕ್ತದ ಕ್ಯಾನ್ಸರಿನಲ್ಲಿ ಇಂದು ಶ್ರೀಮಂತ ದೇಶಗಳ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ನಮ್ಮ ಹುಡುಗಿ ನುಂಗಿದ ಮಾತ್ರೆಯ ಹಿಂದೆ ಯಾರೋ ಕಾಣದ ತಾಯಂದಿರ ಸಹಿಯಿತ್ತು. ನಾನು ಅದನ್ನು ಯೋಚಿಸಿರಲೇ ಇಲ್ಲ.

ಹಾಗಾದರೆ ಬೇರೆಯವರ ಮಕ್ಕಳು ಪ್ರಯೋಗಕ್ಕೆ ಒಳಗಾಗಲಿ, ಫಲ ನಮಗೆ ಬರಲಿ ಎನ್ನೋಣವೇ? ಇದು ನ್ಯಾಯವೂ ಅಲ್ಲ, ಸುರಕ್ಷಿತವೂ ಅಲ್ಲ. ತೀವ್ರ ಜ್ವರದಿಂದ ರಕ್ತಸಂಚಾರ ಕುಗ್ಗಿದ ಮಕ್ಕಳಿಗೆ ಬೇಗಬೇಗನೆ ಡ್ರಿಪ್ ಏರಿಸುವುದು ಶ್ರೀಮಂತ ದೇಶಗಳ ಪದ್ಧತಿಯಾಗಿತ್ತು. ಕೀನ್ಯಾ, ಉಗಾಂಡ, ಟಾಂಜಾನಿಯಗಳ 3,000ಕ್ಕೂ ಹೆಚ್ಚು ಮಕ್ಕಳಲ್ಲಿ ಪರೀಕ್ಷಿಸಿದಾಗ, ಅಲ್ಲಿ ಅದರಿಂದ ಸಾವು ಹೆಚ್ಚಾಗುತ್ತದೆಂದು 2011ರಲ್ಲಿ ತಿಳಿದುಬಂತು. ಬಡಮಕ್ಕಳ ನಡುವೆಯೇ ಪರೀಕ್ಷಿಸದಿದ್ದರೆ ಈ ತಪ್ಪು ಹೊರಬೀಳುತ್ತಲೇ ಇರಲಿಲ್ಲ. ಇನ್ನೊಂದು ಸಂತೋಷದ ಸಂಗತಿ: ಉಗಾಂಡ, ಜಾಂಬಿಯ, ದಕ್ಷಿಣ ಆಫ್ರಿಕ ಮತ್ತು ನಮ್ಮ ಭಾರತದ 1,204 ಮಕ್ಕಳು ಸೇರಿದ್ದ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಸೌಮ್ಯ ಸ್ವರೂಪದ ಕ್ಷಯರೋಗಕ್ಕೆ ಆರು ತಿಂಗಳ ಬದಲು ನಾಲ್ಕು ತಿಂಗಳ ಔಷಧ ಸಾಕೆಂದು ಅದು ತೋರಿಸಿತು. ಮಗುವಿಗೆ ದಿನವೂ ಕಹಿ ಮಾತ್ರೆ ನುಂಗಿಸುವ ತಾಯಿಗೆ ಎರಡು ತಿಂಗಳೆಂದರೆ ಏನೆಂದು ಹೇಳಬೇಕಾಗಿಲ್ಲ.

ಆದರೆ ಆ ತಾಯಿಯ ಅನುಮಾನಕ್ಕೂ ಕಾರಣವಿದೆ. 2009-10ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಲಸಿಕೆಯೊಂದರ ಅಧ್ಯಯನ ನಡೆದಾಗ, ಅನೇಕ ಆದಿವಾಸಿ ಬಾಲಕಿಯರ ಒಪ್ಪಿಗೆ ಪತ್ರಗಳಿಗೆ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. 2013ರಲ್ಲಿ ಸಂಸತ್ತಿನ ಸಮಿತಿ ಇದನ್ನು ಕಟುವಾಗಿ ಖಂಡಿಸಿತು. ಆ ಲಸಿಕೆ ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ತಪ್ಪಿದ್ದು ಒಪ್ಪಿಗೆ ಪಡೆದ ರೀತಿಯಲ್ಲಿ. ಹಾಸ್ಟೆಲ್‌ಗಳನ್ನೂ ಅನಾಥಾಲಯಗಳನ್ನೂ ನಡೆಸುವ ನಾವು ಇದನ್ನು ಮರೆಯಬಾರದು. ಧರ್ಮಸಭೆಯ ಬೋಧನೆ ಸ್ಪಷ್ಟ: ಒಪ್ಪಿಗೆ ಇದ್ದರೂ ಜೀವಕ್ಕೆ ಮಿತಿಮೀರಿದ ಅಪಾಯ ತರುವ ಪ್ರಯೋಗ ನೀತಿಬದ್ಧವಲ್ಲ. ಯೇಸು ಮಕ್ಕಳನ್ನು ಬಳಿಗೆ ಬರಲು ಬಿಟ್ಟದ್ದು ಮಾತ್ರವಲ್ಲ, ತೋಳಲ್ಲಿ ಅಪ್ಪಿಕೊಂಡರು. ಬಾಗಿಲೂ ತೆರೆದಿರಬೇಕು, ತೋಳೂ ಕಾಯಬೇಕು.

ಆದುದರಿಂದ ಇಂಥ ಕಾಗದ ನಿಮ್ಮ ಕೈಗೆ ಬಂದರೆ ಹೆದರಿ ಹರಿಯಬೇಡಿ, ಕುರುಡಾಗಿ ಸಹಿ ಹಾಕಲೂ ಬೇಡಿ. ಕನ್ನಡದಲ್ಲಿ ಓದಿ ಹೇಳಿರೆಂದು ಕೇಳಿರಿ. ಈಗಿರುವ ಚಿಕಿತ್ಸೆಗೂ ಇದಕ್ಕೂ ವ್ಯತ್ಯಾಸವೇನು? ಅಪಾಯವೇನು? ನಡುವೆ ಬಿಟ್ಟುಬಂದರೆ ಮಗುವಿನ ಚಿಕಿತ್ಸೆ ನಿಲ್ಲುವುದೇ? ಹಾನಿಯಾದರೆ ಯಾರು ಹೊಣೆ? 2019ರ ಕೇಂದ್ರ ನಿಯಮಗಳ ಪ್ರಕಾರ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ಸಿಗಬೇಕು. ಏಳು ವರ್ಷ ದಾಟಿದ ಮಗುವಿನ ಮನಸ್ಸನ್ನೂ ಕೇಳಬೇಕು. ಒಲ್ಲೆನೆನ್ನುವ ಹಕ್ಕು ನಿಮಗೆ ಸದಾ ಇದೆ.

ಇನ್ನು ಧರ್ಮಕೇಂದ್ರದ ಪಾಲು. ದೂರದ ಆಸ್ಪತ್ರೆಗೆ ಹದಿನೈದು ದಿನಕ್ಕೊಮ್ಮೆ ಹೋಗಿಬರಲು ಬಸ್ಸಿನ ಖರ್ಚು ಬೇಕು, ಒಂದು ದಿನದ ಕೂಲಿ ಹೋಗುತ್ತದೆ, ಮನೆಯಲ್ಲುಳಿದ ಮಕ್ಕಳಿಗೆ ಅನ್ನ ಹಾಕುವವರು ಬೇಕು. ಎಷ್ಟೋ ಬಡಮಕ್ಕಳು ಒಳ್ಳೆಯ ಚಿಕಿತ್ಸೆಯಿಂದ ದೂರ ಉಳಿಯುವುದು ಈ ಸಣ್ಣ ಅಡ್ಡಿಗಳಿಂದಲೇ. ನಮ್ಮ ವಿನ್ಸೆಂಟ್ ದೆ ಪಾವ್ಲ್ ಸಭೆಯವರು, ತಾಯಂದಿರ ಸಂಘದವರು ಇದನ್ನು ತಮ್ಮ ಕೆಲಸವೆಂದು ಭಾವಿಸಲಿ. ಸುಶಿಕ್ಷಿತರೊಬ್ಬರು ಆ ತಾಯಿಯ ಜೊತೆಗೆ ಹೋಗಿ ಕೂರಲಿ. ನಾನೂ ಇನ್ನು ಮುಂದೆ ಕಾಗದವನ್ನು ಪೂರ್ತಿ ಓದದೆ ಬಾಯಿ ತೆರೆಯಲಾರೆ.

ಪ್ರಭುವೇ, ಮಕ್ಕಳನ್ನು ನಿಮ್ಮ ಬಳಿಗೆ ಬಿಡದ ನಮ್ಮ ಭಯವನ್ನು ಕ್ಷಮಿಸಿರಿ. ರೋಗದಲ್ಲಿರುವ ಪ್ರತಿ ಮಗುವನ್ನೂ ನಿಮ್ಮ ತೋಳಲ್ಲಿ ಕಾಯಿರಿ. ಆಮೆನ್.